ನಮ್ಮದು ಸಣ್ಣ ಭಾಷೆಯಲ್ಲವಂತೆ

ರೇಡಿಯೋ ಕೇಂದ್ರ ಅಂದಮೇಲೆ ದಿನಕ್ಕೊಂದು ಪ್ರಸಂಗ ಇದ್ದದ್ದೇ. ಈಚೆಗೆ ಮಾತ್ರ ನಮ್ಮಲ್ಲಿ ನಡೆಯುವ ಪ್ರಸಂಗಗಳಲ್ಲಿ ನಗುವ ಪಾಲು ಬೇರೆಯವರದು, ನಗೆಪಾಟಲಾಗುವ ಪಾಲು ನನ್ನದು ಎಂದು ಯಾರೋ ಭಾಗ ಮಾಡಿಟ್ಟ ಹಾಗಿದೆ.

ಕೊಡಗಿನ ಮಾದಾಪುರದ ಮೇಲಿನ ಗುಡ್ಡದಲ್ಲಿ, ಕಾಫಿ ತೋಟಗಳ ನಡುವೆ, ನಮ್ಮದೊಂದು ಪುಟ್ಟ ಕೇಂದ್ರ. ಬೆಳಿಗ್ಗೆ ಆರೂವರೆಗೆ ಬರುವ ಕೃಷಿ ಕಾರ್ಯಕ್ರಮ ನನ್ನದು. ಮಳೆ ಎಲ್ಲಿ ಎಷ್ಟು ಬಿತ್ತು, ಕಾಫಿಗೆ ಯಾವಾಗ ಮೈಲುತುತ್ತ, ಸುಣ್ಣದ ಔಷಧಿ ಹೊಡೆಯಬೇಕು, ಕಾಳುಮೆಣಸಿನ ಬಳ್ಳಿ ಯಾಕೆ ಸೊರಗುತ್ತದೆ ಎಂದು ಅರ್ಧ ಗಂಟೆ ಹೇಳುತ್ತೇನೆ. ರೇಡಿಯೋದಲ್ಲಿ ಆರೂವರೆ ಎಂದರೆ ಸಂತೆಯ ಬಾಗಿಲಲ್ಲೇ ಅಂಗಡಿ ಸಿಕ್ಕ ಹಾಗೆ. ಎಲ್ಲರೂ ಎದ್ದಿರುತ್ತಾರೆ, ಯಾರೂ ಮನೆ ಬಿಟ್ಟಿರುವುದಿಲ್ಲ. ಆ ಅರ್ಧ ಗಂಟೆ ಇರುವುದರಿಂದಲೇ ನಾನೂ ಒಬ್ಬ ಮನುಷ್ಯ ಎಂದು ನಾನು ನಂಬಿಕೊಂಡಿದ್ದೆ.

ಹೀಗಿರುವಾಗ ಸರ್ಕಾರದಿಂದ ಅನುದಾನ ಬಂತು. ಕೊಡವ, ಅರೆಭಾಷೆಯಂಥ ಸಣ್ಣ ಭಾಷೆಗಳಲ್ಲಿ ಕಾರ್ಯಕ್ರಮ ಮಾಡಿ ಅಂತ. ಕನ್ನಡಕ್ಕೆ ಇಲ್ಲ. ಕನ್ನಡ ದೊಡ್ಡದಂತೆ. ಮನೆಯಲ್ಲಿ ಹಿರಿಮಗನಿಗೆ "ನೀನು ದೊಡ್ಡವನು ಕಣಪ್ಪ" ಎಂದು ಹೇಳಿ, ಹೋಳಿಗೆಯನ್ನು ಕಿರಿಮಗನ ಎಲೆಗೆ ಹಾಕುತ್ತಾರಲ್ಲ, ಹಾಗೆ. ಅನುದಾನದ ಬೆನ್ನಿಗೆ ಒಂದು ಷರತ್ತೂ ಬಂತು. ಸಣ್ಣ ಭಾಷೆಯ ಕಾರ್ಯಕ್ರಮ ಜನ ಕೇಳುವ ಹೊತ್ತಿನಲ್ಲೇ ಬರಬೇಕಂತೆ. ಅದುವರೆಗೆ ಅರೆಭಾಷೆ ಕಾರ್ಯಕ್ರಮ ಬರುತ್ತಿದ್ದದ್ದು ಮಧ್ಯಾಹ್ನ ಎರಡೂವರೆಗೆ.

ಕೇಂದ್ರದ ಮುಖ್ಯಸ್ಥರು ನನ್ನನ್ನು ಕರೆದು, "ಜನ ಕೇಳೋ ಹೊತ್ತು ಅಂದ್ರೆ ನಿಮ್ಮ ಆರೂವರೆ ಅಲ್ವೇನ್ರೀ? ಮಳೆಗಾಲ ಮುಗೀಲಿ, ನೋಡೋಣ," ಎಂದರು. ನೋಡೋಣ ಎಂದವರು ಆಗಲೇ ನೋಡಿ ಮುಗಿಸಿರುತ್ತಾರೆ ಎಂಬುದು ನನ್ನ ಅನುಭವ. ಅಂದಿನಿಂದ ನನಗೆ ಶುದ್ಧ ಹೊಟ್ಟೆಕಿಚ್ಚು. ಮುಚ್ಚಿಟ್ಟು ಪ್ರಯೋಜನವಿರಲಿಲ್ಲ, ನನ್ನ ಮುಖ ಅಷ್ಟು ಒಳ್ಳೆಯ ಮುಚ್ಚಳವಲ್ಲ.

ಎರಡು ಕಡ್ಡಿಯ ಹೀಟರ್

ಅನುದಾನದಲ್ಲಿ ಮೊದಲು ಬಂದದ್ದು ಒಂದು ರೂಮ್ ಹೀಟರ್. ನಮ್ಮ ಸ್ಟುಡಿಯೋದ ಗೋಡೆಗಳು ಜೂನ್ ತಿಂಗಳಲ್ಲಿ ಬೆವರಲು ಶುರುಮಾಡಿದರೆ ದಸರಾ ಕಳೆದ ಮೇಲೇ ಒಣಗುವುದು. ಬೆಳಗಿನ ಜಾವ ಮೈಕಿನ ಮುಂದೆ ಕುಳಿತರೆ ಹಲ್ಲುಗಳು ನನ್ನ ಅಪ್ಪಣೆಯಿಲ್ಲದೆ ಮಾತಾಡುತ್ತವೆ. ಹೀಟರ್ ನೋಡಿ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಮರುದಿನ ಹೋಗಿ ನೋಡಿದರೆ ಅದರ ಮೇಲೆ ಚೀಟಿ ಅಂಟಿಸಿತ್ತು. ಸಣ್ಣ ಭಾಷೆಗಳ ಕಾರ್ಯಕ್ರಮಕ್ಕೆ ಮಾತ್ರ. ಅಂಟಿಸಿದವರು ನಮ್ಮ ಗುಮಾಸ್ತರು. ನಿಯಮ ಎಂದರೆ ಅವರಿಗೆ ಇಷ್ಟದೇವರು.

"ಸ್ವಲ್ಪ ಹಾಕ್ರೀ, ಚಳಿ," ಎಂದೆ.

"ಇದು ಅನುದಾನದ ಹೀಟರ್ ಸಾರ್. ನೀವು ಓದೋದು ಕನ್ನಡ. ನಾಳೆ ಆಡಿಟ್‌ನವರು ಕೇಳಿದ್ರೆ ನಾನೇನ್ ಹೇಳ್ಲಿ?"

"ಚಳಿ ಯಾವ ಭಾಷೇದ್ರೀ?"

"ಚಳಿ ಎಲ್ಲಾ ಭಾಷೆಗೂ ಒಂದೇ ಸಾರ್. ಹೀಟರ್ ಮಾತ್ರ ಬೇರೆ," ಎಂದು ಅವರು ಬಹಳ ವಿನಯದಿಂದ ಹೇಳಿದರು.

ನನ್ನ ಕಾರ್ಯಕ್ರಮ ಮುಗಿದ ಮೇಲೆ ಅದೇ ಸ್ಟುಡಿಯೋದಲ್ಲಿ ಅರೆಭಾಷೆಯ ರೆಕಾರ್ಡಿಂಗು. ಅದನ್ನು ನಡೆಸುವ ಹೆಣ್ಣುಮಗಳನ್ನು ಕೇಂದ್ರದಲ್ಲಿ ಎಲ್ಲರೂ ಅಕ್ಕ ಎನ್ನುತ್ತಾರೆ. ಅವರು ನನ್ನನ್ನು ಅಣ್ಣ ಎನ್ನುತ್ತಾರೆ. ಯಾರಿಗೂ ಒಂದು ಕೆಟ್ಟ ಮಾತು ಆಡಿದವರಲ್ಲ. ಅದೇ ನನಗೆ ದೊಡ್ಡ ತೊಂದರೆಯಾಗಿತ್ತು, ಹೊಟ್ಟೆಕಿಚ್ಚು ಪಡಲು ಕೆಟ್ಟವರಾದರೆ ಎಷ್ಟೋ ಸುಲಭ. ನಾನು ನಡುಗುತ್ತಾ ಹೊರಗೆ ಬರುತ್ತಿದ್ದರೆ ಅವರು ಒಳಗೆ ಹೋಗಿ, ಹೀಟರ್ ಹಾಕಿಸಿಕೊಂಡು, ಗಾಜಿನ ಆಚೆಯಿಂದ ನನ್ನನ್ನು ನೋಡಿ, "ಅಣ್ಣ, ಎಂಥ ಎರಡೆರಡು ಸ್ವೆಟರ್? ಇಲ್ಲಿ ಲಾಯ್ಕ ಬೆಚ್ಚಗೆ ಉಟ್ಟು," ಎಂದು ನಗುತ್ತಿದ್ದರು. ಬೆಚ್ಚಗಿದೆ ಎಂದು ನನಗೂ ಗೊತ್ತಿತ್ತು.

ಕೊನೆಗೆ ಗುಮಾಸ್ತರಿಗೆ ಒಂದು ಉಪಾಯ ಹೇಳಿದೆ. "ನೋಡ್ರೀ, ಕಾರ್ಯಕ್ರಮದ ಮಧ್ಯೆ ನಾನೂ ಒಂದೆರಡು ಮಾತು ಅರೆಭಾಷೇಲಿ ಆಡ್ತೀನಿ. ಆಗ ಹಾಕಬಹುದಲ್ಲ?"

ಅವರು ಹುಬ್ಬು ಗಂಟಿಕ್ಕಿ ಯೋಚಿಸಿದರು. ಆ ಯೋಚನೆ ಮಧ್ಯಾಹ್ನದ ಊಟದವರೆಗೂ ನಡೆಯಿತು. ಮಾರನೆಯ ದಿನ ಬೆಳಿಗ್ಗೆ ಸ್ಟುಡಿಯೋ ಬಾಗಿಲು ತೆಗೆದರೆ ಹೀಟರ್ ಕೆಂಪಗೆ ಉರಿಯುತ್ತಿತ್ತು. ಅದರಲ್ಲಿ ಎರಡು ಕಡ್ಡಿಗಳಿದ್ದವು. ಒಂದು ಮಾತ್ರ ಉರಿಯುತ್ತಿತ್ತು.

"ಒಂದೆರಡು ಮಾತಿಗೆ ಒಂದು ಕಡ್ಡಿ ಸಾರ್," ಎಂದರು ಗುಮಾಸ್ತರು. "ಪೂರ್ತಿ ಆಡಿದ್ರೆ ಪೂರ್ತಿ ಹಾಕ್ತೀನಿ."

ಗಾಳಿಬೀಡಿನ ಅಭಿಮಾನಿ

ಅಕ್ಕನಿಗೆ ಕೇಳುಗರು ಏನಾದರೂ ತಂದುಕೊಡುತ್ತಲೇ ಇರುತ್ತಾರೆ. ಒಮ್ಮೆ ಕಿತ್ತಳೆ, ಒಮ್ಮೆ ಕಣಿಲೆ, ಒಮ್ಮೆ ಹಲಸಿನ ಹಪ್ಪಳ. ಎಳೆ ಬಿದಿರಿನ ಕಣಿಲೆ ಎಂದರೆ ನನಗೆ ಪ್ರಾಣ. ಕೇಂದ್ರದ ಮೆಟ್ಟಿಲ ಮೇಲೆ ಕಣಿಲೆಯ ಚೀಲ ಹೊತ್ತವರು ಬಂದಾಗಲೆಲ್ಲ ನಾನು ಏನೋ ಕೆಲಸವಿದ್ದವನಂತೆ ಹೊರಗೆ ಬರುತ್ತಿದ್ದೆ. ಅವರು ನನ್ನನ್ನು ದಾಟಿ ಒಳಗೆ ಹೋಗುತ್ತಿದ್ದರು. ಇಷ್ಟು ವರ್ಷ ರೈತರ ಕಾರ್ಯಕ್ರಮ ನಡೆಸಿದ ನನಗೆ ಬಂದದ್ದು ಒಂದೇ ಒಂದು ಕಾಣಿಕೆ. ರೋಗ ಬಿದ್ದ ಮೆಣಸಿನ ಬಳ್ಳಿ. ಇದಕ್ಕೆ ಏನು ಮದ್ದು ಎಂದು ಕೇಳಲು ಯಾರೋ ಬುಡಸಮೇತ ಕಿತ್ತು ತಂದಿದ್ದರು.

ಒಂದು ದಿನ ಗಾಳಿಬೀಡಿನಿಂದ ಒಬ್ಬ ಅಜ್ಜ ಬಂದರು. ಕೈಯಲ್ಲಿ ಬಾಟಲಿ ತುಂಬ ಕಾಡುಜೇನು. ಅಕ್ಕ ಇನ್ನೂ ಬಂದಿರಲಿಲ್ಲ. ಕುರ್ಚಿ ಹಾಕಿ ಕೂರಿಸಿದೆ. ಬಾಟಲಿಯನ್ನು ಮೇಜಿನ ಮೇಲಿಡಿ ಎಂದರೆ ಅವರು ಮಡಿಲಲ್ಲೇ ಇಟ್ಟುಕೊಂಡರು.

"ನೀವು ಇಲ್ಲಿ ಎಂಥ ಕೆಲಸ?" ಎಂದು ಕೇಳಿದರು.

ಬೇಡವೆಂದರೂ ಎದೆ ಉಬ್ಬಿತು. "ಬೆಳಿಗ್ಗೆ ಆರೂವರೆ ಕಾರ್ಯಕ್ರಮ ನಂದೇ ಅಜ್ಜಾ. ತೋಟ, ಗದ್ದೆ, ಮಳೆ ಎಲ್ಲಾ ಹೇಳ್ತೀನಲ್ಲ, ಆ ದನಿ."

ಅಜ್ಜ ಕುರ್ಚಿಯ ತುದಿಗೆ ಬಂದರು. ಮುಖ ಅರಳಿತು. "ಓ, ಅದು ನೀವಾ? ನಮ್ಮ ಮನೇಲಿ ದಿನಾ ಹಾಕ್ತೇವೆ. ಒಂದು ದಿನ ತಪ್ಪೋದಿಲ್ಲ."

ದಿನಾ ಕೇಳುವ ಒಬ್ಬರನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಅಷ್ಟರಲ್ಲಿ ಅಕ್ಕ ಬಂದರು, ಜೇನು ಅವರ ಕೈಸೇರಿತು. ಅವರು ಅದರಲ್ಲಿ ಅರ್ಧ ನನಗೆ ಬೇರೆ ಬಾಟಲಿಗೆ ಹಾಕಿಕೊಡುತ್ತೇನೆ ಎಂದರು. ಅವರ ಜೇನು ನನಗ್ಯಾಕೆ ಎಂಬ ಬಿಗುಮಾನ. "ಬೇಡಕ್ಕಾ, ನಂಗೆ ಕೆಮ್ಮು," ಎಂದೆ.

"ಕೆಮ್ಮಿಗೆ ಜೇನೇ ಅಲ್ವಾ ಅಣ್ಣ ಮದ್ದು?" ಎಂದರು ಅಕ್ಕ. ನಾನು ಉತ್ತರದ ಬದಲು ಕೆಮ್ಮಿದೆ.

ಆದರೂ ಅಂದು ನನಗೆ ಬೇಸರವಿರಲಿಲ್ಲ. ಅಜ್ಜನನ್ನು ಗೇಟಿನವರೆಗೂ ಕಳಿಸಲು ಹೋದೆ. "ಅಜ್ಜಾ, ನನ್ನ ಕಾರ್ಯಕ್ರಮದಲ್ಲಿ ನಿಮಗೆ ಯಾವುದು ಜಾಸ್ತಿ ಇಷ್ಟ?" ಎಂದು ಕೇಳಿಯೇ ಬಿಟ್ಟೆ.

"ನಾವು ಕೂತು ಕೇಳಲ್ಲ ಮಾರಾಯ್ರೇ, ಪುರುಸೊತ್ತು ಎಲ್ಲುಂಟು?" ಎಂದರು ಅಜ್ಜ. "ನಿಮ್ಮ ದನಿ ಬರೋ ಹೊತ್ತಿಗೆ ಕೋಳಿಗೂಡು ತೆಗೆಯೋದು. ಈಗ ಅಭ್ಯಾಸ ಆಗಿ, ನಿಮ್ಮ ದನಿ ಕೇಳಿದ್ರೆ ಸಾಕು, ಕೋಳಿಗಳೆಲ್ಲ ಬಾಗಿಲ ಹತ್ರ ಬಂದು ನಿಲ್ತವೆ. ನಮ್ಮ ಕೋಳಿಗಳಿಗೆ ನೀವಂದ್ರೆ ಭಾರಿ ಇಷ್ಟ."

ಯಾರು ಹೆಚ್ಚು ಸಣ್ಣವರು

ಅನುದಾನವನ್ನು ಯಾವ ಭಾಷೆಗೆ ಎಷ್ಟು ಹಂಚುವುದು ಎಂದು ಮುಖ್ಯಸ್ಥರು ಕೇಳುಗರ ಸಭೆ ಕರೆದರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತೆ. ಕನ್ನಡದವನಿಗೆ ಮುಂದಿನ ಬೆಂಚಿನಲ್ಲಿ ಏನು ಕೆಲಸ?

ನಮ್ಮ ಜಿಲ್ಲೆಯಲ್ಲಿ ಇಬ್ಬರು ಬೆಳೆಗಾರರು ಸೇರಿದರೆ ತಮ್ಮ ತಮ್ಮ ತೋಟವನ್ನು ಒಂದಿಷ್ಟು ಹಿಗ್ಗಿಸಿಯೇ ಹೇಳುವುದು ವಾಡಿಕೆ. ಐದೆಕರೆಯವರು "ಒಂದು ಹತ್ತು ಅಂತ ಇಟ್ಕೊಳ್ಳಿ" ಎನ್ನುತ್ತಾರೆ. ಅಂಥವರೇ ಆ ದಿನ ಭಾಷೆಯ ವಿಷಯಕ್ಕೆ ಬಂದಾಗ ಕುಗ್ಗಿಸುವುದಕ್ಕೆ ಪೈಪೋಟಿಗೆ ಬಿದ್ದರು.

ನಿವೃತ್ತ ಸೈನಿಕರೊಬ್ಬರು ಎದ್ದು, "ನಮ್ಮ ಕೊಡವ ಭಾಷೆ ಮಾತಾಡುವವರು ಬೆರಳೆಣಿಕೆ. ಅದರಲ್ಲೂ ಅರ್ಧ ಜನ ಇಂಗ್ಲಿಷ್ ಮಾತಾಡ್ತಾರೆ. ನಮ್ಮದೇ ಸಣ್ಣದು," ಎಂದರು. ಅರೆಭಾಷೆಯ ಹಿರಿಯರೊಬ್ಬರು, "ನಿಮ್ಮದು ಎಂಥ ಸಣ್ಣದು, ಬೆಂಗಳೂರಲ್ಲಿ ಒಂದೊಂದು ಬೀದೀಲೂ ನಿಮ್ಮವರಿದ್ದಾರೆ. ನಮ್ಮದಕ್ಕೆ ಅರೆ ಅಂತಲೇ ಹೆಸರು. ಇನ್ನೆಷ್ಟು ಸಣ್ಣದಾಗಬೇಕು?" ಎಂದರು. ಚಹಾ ತಂದಿದ್ದ ಮಲಯಾಳಿ ಹೋಟೆಲಿನವರು ತಟ್ಟೆ ಹಿಡಿದುಕೊಂಡೇ, "ಕರಿಕೆ ಗಡಿ ದಾಟಿ ಕೇರಳಕ್ಕೆ ಹೋದ್ರೆ ನಾವು ದೊಡ್ಡವರು ಸಾರ್, ಇಲ್ಲಿ ನಾವೂ ಸಣ್ಣವರೇ. ಗಡಿಯಿಂದ ಈಚೆಗೆ ಲೆಕ್ಕ ಹಿಡಿದ್ರೆ ನಮಗೂ ಸಿಗಬೇಕಲ್ಲ?" ಎಂದರು. ಇಷ್ಟು ಜನ ತಾವು ಚಿಕ್ಕವರೆಂದು ಜಗಳವಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಚಿಕ್ಕವನೆಂದು ಹೇಳಿಕೊಳ್ಳಲು ನನಗೊಬ್ಬನಿಗೆ ಹಕ್ಕಿರಲಿಲ್ಲವಲ್ಲ ಎಂದು ಕುಳಿತಲ್ಲೇ ಬೇಯುತ್ತಿದ್ದೆ.

ಅಷ್ಟರಲ್ಲಿ ಬಾಗಿಲ ಪಕ್ಕ ಕುಳಿತಿದ್ದ ಮುದುಕರೊಬ್ಬರು ನಿಧಾನವಾಗಿ ಎದ್ದರು. ತಮ್ಮ ಮಾತು ಎಲ್ಲರ ಮಾತಿಗಿಂತ ಬೇರೆ, ಅದು ತಮ್ಮ ಕುಟುಂಬದಲ್ಲಿ ಮಾತ್ರ ಉಳಿದಿದೆ ಎಂದರು. ಸಭೆ ಗಂಭೀರವಾಯಿತು. ಮುಖ್ಯಸ್ಥರು ಪೆನ್ನು ತೆಗೆದು, "ಒಟ್ಟು ಎಷ್ಟು ಜನ ಮಾತಾಡ್ತೀರಿ ಯಜಮಾನ್ರೇ?" ಎಂದು ಕೇಳಿದರು.

"ಮಕ್ಕಳಿಗೆ ಬರಲ್ಲ ಸ್ವಾಮಿ. ಮಾತಾಡೋದು ನಾನು, ನನ್ನ ಹೆಂಡ್ತಿ ಇಬ್ರೇ."

ಸಭೆಯಲ್ಲಿ ಅಯ್ಯೋ ಎಂಬ ಉಸಿರು ಹೊರಟಿತು. ಸೈನಿಕರೂ ತಲೆತಗ್ಗಿಸಿ ಸೋಲೊಪ್ಪಿಕೊಂಡರು.

ಮುದುಕರು ಕೂರಲು ಹೋದವರು ಮತ್ತೆ ನಿಂತು ಹೇಳಿದರು. "ಅವಳೂ ಹೋದ ಸಂಕ್ರಾಂತಿಯಿಂದ ನನ್ನ ಹತ್ರ ಮಾತು ಬಿಟ್ಟಿದ್ದಾಳೆ."

ಗಜರಾಜನ ಆಗಮನ

ಒಂದು ಸಲ ಅಕ್ಕ ಕರಿಕೆ ಕಡೆಯ ಒಂದು ಮನೆಗೆ ರೆಕಾರ್ಡಿಂಗಿಗೆ ಹೊರಟರು. ಅಲ್ಲಿನ ಅಜ್ಜಿಯೊಬ್ಬರು ಮನೆಯ ಹಿಂದೆ ಆನೆ ಬಂದ ಕಥೆಯನ್ನು ಅರೆಭಾಷೆಯಲ್ಲಿ ಹೇಳಿದರೆ ಕೇಳಿದವರು ಊಟ ಮರೆಯುತ್ತಾರಂತೆ. ಜೀಪಿನಲ್ಲಿ ಜಾಗವಿತ್ತು, ನಾನೂ ಹೋದೆ. ನೆರವಾಗಲು ಬಂದೆ ಎಂದು ಹೇಳಿದೆ. ನಿಜವಾಗಿ ಹೋದದ್ದು, ಈ ಸಲವಾದರೂ ರೆಕಾರ್ಡಿಂಗು ಕೆಡುತ್ತದೇನೋ ಎಂಬ ಆಸೆಯಿಂದ.

ಮನೆಗೆ ಹೋದ ಕೂಡಲೇ ಅಜ್ಜಿ ಅಂಗಳದಲ್ಲೇ ಕಥೆ ಶುರುಮಾಡಿದರು. "ಬಾಗಿಲ್ ತೆಗ್ದ್ ನೋಡ್ರೆ ಆನೆ. ಎಂಥ ಮಾಡ್ದು? ನಂಗೆ ಕೈಕಾಲ್ ಓಡಿಲ್ಲೆ." ಕೈ, ಕಣ್ಣು, ಸೆರಗು ಎಲ್ಲದರಲ್ಲೂ ಆನೆ. ಅಕ್ಕ ಅವರನ್ನು ತಡೆದು, ಒಳಗೆ ಕೂರಿಸಿ, ಮೈಕು ಮುಂದಿಟ್ಟು, ಯಂತ್ರದ ಕೆಂಪು ದೀಪ ಹೊತ್ತಿಸಿ, "ಹೇಳಿ ಅಜ್ಜೀ," ಎಂದರು.

ಅಜ್ಜಿ ಸೆರಗು ಸರಿಮಾಡಿಕೊಂಡರು. ಗಂಟಲು ಸರಿಮಾಡಿಕೊಂಡರು. ಆಮೇಲೆ, ನಾನು ವಾರ್ತೆ ಓದಿದರೂ ಬಾರದಂಥ ಕನ್ನಡದಲ್ಲಿ ಶುರುಮಾಡಿದರು. "ಮಾನ್ಯ ಶ್ರೋತೃಬಾಂಧವರೇ, ಅಂದು ಪ್ರಾತಃಕಾಲದಲ್ಲಿ ಗಜರಾಜನು ನಮ್ಮ ಗೃಹದ ಹಿಂಭಾಗಕ್ಕೆ ಆಗಮಿಸಿದನು."

"ಅಜ್ಜೀ, ನಮ್ಮ ಭಾಷೇಲಿ ಹೇಳಿ," ಎಂದರು ಅಕ್ಕ.

"ಛೇ, ರೇಡಿಯೋದಲ್ಲಿ ನಾಲ್ಕು ಜನ ಕೇಳ್ತಾರೆ. ಅಲ್ಲಿ ಮನೆ ಮಾತಾಡ್ಲಿಕ್ಕೆ ಉಂಟಾ?" ಎಂದು ಅಜ್ಜಿ ಮತ್ತೆ ಮೈಕಿಗೆ ತಿರುಗಿ, "ಗಜರಾಜನು ಪನಸ ಫಲವನ್ನು ಭಕ್ಷಿಸಿದನು," ಎಂದರು.

ನನಗೆ ಒಳಗೊಳಗೇ ಹಬ್ಬ. ಇಷ್ಟು ದಿನ ನಮ್ಮ ಜನ ರೇಡಿಯೋ ಕೇಳಿ ಕೇಳಿ, ಮೈಕು ಎಂದರೆ ಮದುವೆಮನೆ, ಅಲ್ಲಿಗೆ ಪಟ್ಟೆಸೀರೆಯಂಥ ಮಾತೇ ಆಗಬೇಕು ಎಂದು ಕಲಿತುಬಿಟ್ಟಿದ್ದಾರೆ. ಕಲಿಸಿದವರಲ್ಲಿ ನಾನೂ ಒಬ್ಬ ಎಂದು ಹೆಮ್ಮೆಪಟ್ಟೆ.

ಅಕ್ಕ ಪೆಚ್ಚಾಗಲಿಲ್ಲ. "ಆಯ್ತು ಅಜ್ಜೀ, ಭಾರಿ ಲಾಯ್ಕಾಯ್ತು," ಎಂದು ದೀಪಕ್ಕೆ ಕರವಸ್ತ್ರ ಮುಚ್ಚಿ, ಕಾಫಿ ಕೇಳಿದರು. ಯಂತ್ರ ಓಡುತ್ತಲೇ ಇತ್ತು. ಅಜ್ಜಿ ಲೋಟ ಹಿಡಿದು ಕುಳಿತವರೇ, ನಿರಾಳವಾಗಿ ಇಡೀ ಕಥೆಯನ್ನು ತಮ್ಮ ಮಾತಿನಲ್ಲಿ ಮೊದಲಿಂದ ಹೇಳಿದರು. ನಾನು ಹೊಟ್ಟೆಕಿಚ್ಚನ್ನೂ ಮರೆತು ಕೇಳಿದೆ. ಮುಗಿದ ಮೇಲೆ ಅಕ್ಕ ಕರವಸ್ತ್ರ ತೆಗೆದು ನಿಜ ಹೇಳಿ, "ಅಜ್ಜೀ, ಇದನ್ನು ರೇಡಿಯೋದಲ್ಲಿ ಹಾಕ್ಲಾ?" ಎಂದು ಕೇಳಿದರು.

ಅಜ್ಜಿ ನಾಚಿದರು, ಬೈದರು, ಆಮೇಲೆ ಒಪ್ಪಿದರು. ಒಂದೇ ಒಂದು ಷರತ್ತು ಹಾಕಿದರು. "ಹಾಕು ಮಗಾ. ಆದ್ರೆ ಮೊದ್ಲು ಗಜರಾಜ ಬರ್ಲಿ, ಆಮೇಲೆ ಆನೆ."

ನನ್ನ ಅತ್ತೆಯ ಕನ್ನಡ

ಮಳೆಗಾಲ ಮುಗಿಯುತ್ತಾ ಬಂತು. ಅನುದಾನದ ಕೆಲಸ ಹೇಗೆ ನಡೆದಿದೆ ಎಂದು ನೋಡಲು ಬೆಂಗಳೂರಿನಿಂದ ಅಧಿಕಾರಿಯೊಬ್ಬರು ಬರುವ ದಿನ ಗೊತ್ತಾಯಿತು. ಅವರು ಬಂದು ಹೋದರೆ ನನ್ನ ಆರೂವರೆ ಹೋದ ಹಾಗೆ. ಆಗ ನನಗೊಂದು ಬುದ್ಧಿ ಹೊಳೆಯಿತು. ಮುಖ್ಯಸ್ಥರ ಮುಂದೆ ಹೋಗಿ ನಿಂತೆ.

"ಸಾರ್, ನಾನು ಶನಿವಾರಸಂತೆ ಕಡೆಯವನು. ನಮ್ಮ ಉತ್ತರ ಕೊಡಗಿನ ಮಾತೂ ಒಂದು ಸಣ್ಣ ಭಾಷೆಯೇ. ಅದಕ್ಕೂ ಅನುದಾನ ಸಿಗಬೇಕು. ಆರೂವರೆಗೆ ನಾನು ಅದರಲ್ಲೇ ಕಾರ್ಯಕ್ರಮ ಮಾಡ್ತೀನಿ."

"ಅದು ಕನ್ನಡ ಅಲ್ವೇನ್ರೀ?"

"ಅರೆಭಾಷೆಯನ್ನೂ ಹಾಗೇ ಹೇಳ್ತಿದ್ರು ಸಾರ್."

ಮುಖ್ಯಸ್ಥರು ನಕ್ಕು, "ಸರಿ, ಹಾಗೆ ಮಾತಾಡುವವರನ್ನ ಒಬ್ಬರನ್ನ ಕರ್ಕೊಂಡು ಬನ್ನಿ. ಅಧಿಕಾರಿಗಳೇ ಕೇಳಿ ಹೇಳ್ಲಿ," ಎಂದರು.

ಕರೆತರಲು ನನ್ನ ಅತ್ತೆಗಿಂತ ಬೇರೆ ಯಾರಿದ್ದಾರೆ? ಆಕೆ ನನ್ನ ಹೆಂಡತಿಯ ತಾಯಿ, ನನ್ನ ತಂದೆಯ ತಂಗಿಯೂ ಹೌದು. ನಾನು ಚಡ್ಡಿ ಹಾಕುವ ಮೊದಲಿಂದ ನೋಡಿದವರು. ಹಾಗಾಗಿ ಅಳಿಯ ಎಂಬ ಮರ್ಯಾದೆ ನನಗೆ ಆ ಮನೆಯಲ್ಲಿ ಸಿಕ್ಕಿಲ್ಲ. ಬಯ್ಯಲು ನಿಂತರೆ ಊರಿನ ದನಗಳೂ ಮೇವು ಬಿಟ್ಟು ಕೇಳುತ್ತವೆ. "ಬೆಂಗಳೂರಿನವರಿಗೆ ನಿಮ್ಮ ಮಾತು ಕೇಳಿಸ್ಬೇಕು ಅತ್ತೆ, ಮನೇಲಿ ಹೆಂಗೆ ಮಾತಾಡ್ತೀರೋ ಹಂಗೇ," ಎಂದು ದಾರಿಯುದ್ದಕ್ಕೂ ಹೇಳಿಕೊಂಡೇ ಕರೆತಂದೆ. "ಅಷ್ಟೂ ಗೊತ್ತಾಗಕಿಲ್ವ ನಂಗೆ? ಸುಮ್ನೆ ಬಸ್ಸಲ್ಲಿ ಕುಂತ್ಕ," ಎಂದರು ಅತ್ತೆ. ಈ ಮಾತಿನ ಧಾಟಿ ಕೇಳಿ ಅನುದಾನ ಕೈಗೆ ಬಂದೇಬಿಟ್ಟಿತು ಎಂದುಕೊಂಡೆ.

ಅಧಿಕಾರಿ ಪಕ್ಕದ ಕೋಣೆಯಲ್ಲಿ, ಗಾಜಿನ ಆಚೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತರು. ಮುಖ್ಯಸ್ಥರೂ ಅಕ್ಕನೂ ಅವರ ಜೊತೆಗಿದ್ದರು. ನಾನು ಅತ್ತೆಯನ್ನು ಮೈಕಿನ ಮುಂದೆ ಕೂರಿಸಿ, "ನಿಮ್ಮ ಊರಿನ ವಿಷಯ ಹೇಳಿ," ಎಂದೆ. ಕೆಂಪು ದೀಪ ಹತ್ತಿತು.

ಅತ್ತೆ ಕೈಮುಗಿದರು. "ಸಮಸ್ತ ನಾಗರಿಕ ಬಂಧುಗಳಿಗೆ ನನ್ನ ಹೃತ್ಪೂರ್ವಕ ವಂದನೆಗಳು. ನಮ್ಮ ಗ್ರಾಮವು ಪ್ರಕೃತಿ ಸೌಂದರ್ಯದಿಂದ ಕಂಗೊಳಿಸುತ್ತಿದೆ."

"ಅತ್ತೆ, ಮನೇಲಿ ಮಾತಾಡೋ ಹಂಗೆ," ಎಂದು ಸನ್ನೆ ಮಾಡಿದೆ. ಕೋಪ ಬಂದರೆ ನಿಜವಾದ ಮಾತು ಹೊರಬೀಳುತ್ತದೆ ಎಂದು, "ಹೋದ ಸಲ ನೀವು ಮಾಡಿದ ಸಾರಿಗೆ ಉಪ್ಪೇ ಇರ್ಲಿಲ್ಲ," ಎಂದೆ. ಬೇರೆ ದಿನವಾಗಿದ್ದರೆ ಸೌಟು ಹಾರಿಬರುತ್ತಿತ್ತು. ಅಂದು ಅತ್ತೆ ಮುಗುಳ್ನಕ್ಕು, "ಪ್ರಿಯ ಅಳಿಯಂದಿರ ಅಭಿಪ್ರಾಯವನ್ನು ನಾನು ಗೌರವಿಸುತ್ತೇನೆ," ಎಂದರು. ಗಾಜಿನ ಆಚೆ ಅಧಿಕಾರಿ ತಲೆದೂಗುತ್ತಿದ್ದರು. ಇಷ್ಟು ಒಳ್ಳೆಯ ಕನ್ನಡ ಅವರ ಕಚೇರಿಯಲ್ಲೂ ಇರಲಿಕ್ಕಿಲ್ಲ.

ಅಕ್ಕ ನನಗೆ ಆಚೆಯಿಂದ ಕರವಸ್ತ್ರ ತೋರಿಸಿದರು. ಆ ಹೊತ್ತಿನಲ್ಲಿ ನನಗೆ ದೇವರು ಕಂಡಂತಾಯಿತು. "ಮುಗೀತು ಅತ್ತೆ, ಚೆನ್ನಾಗಿ ಬಂತು, ಟೀ ಕುಡೀರಿ," ಎಂದು ದೀಪಕ್ಕೆ ನನ್ನ ಕರವಸ್ತ್ರ ಹಾಕಿದೆ. ಯಂತ್ರ ಓಡುತ್ತಿತ್ತು, ಹೆಡ್‌ಫೋನ್ ಹಾಕಿಕೊಂಡವರು ಕೇಳುತ್ತಲೇ ಇದ್ದರು.

ಅತ್ತೆ ಟೀ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ನನ್ನ ಕಡೆ ತಿರುಗಿದರು.

"ಅಲ್ಲ ಕಣಪ್ಪ, ಏನ್ ನಿನ್ ಕತೆ? ಆ ಹೆಣ್ಮಗ ನೆಟ್ಟಗೆ ಮಾತಾಡ್ತದೆ, ನಾಕ್ ಜನ ಮೆಚ್ಚಿ ಜೇನು ತಂದ್ಕೊಡ್ತಾರೆ. ನಿಂಗ್ಯಾಕ್ಲಾ ಹೊಟ್ಟೆ ಉರಿ? ನನ್ ಮಗ್ಳು ಎಲ್ಲಾ ಹೇಳವ್ಳೆ. ರಾತ್ರಿ ಉಣ್ಣಕ್ ಕುಂತ್ರೂ ಅದೇ ಅಂತೆ, ಮಲಗಿದ್ರೂ ಅದೇ ಅಂತೆ. ನೀನೇನು ಕಡ್ಮೆ ಮಾತಾಡ್ತೀಯಾ? ಬೆಳಿಗ್ಗೆ ಎದ್ರೆ ಮೈಲುತುತ್ತ, ಸುಣ್ಣ, ಮೈಲುತುತ್ತ, ಸುಣ್ಣ. ಕೇಳ್ದೋರ್ ಮೈಮೇಲೆ ಹೊಡ್ದಂಗೆ ಆಯ್ತದೆ. ನಾನೂ ದಿನಾ ರೇಡಿಯೋ ಹಾಕ್ತೀನಿ. ನಿನ್ ದನಿ ಬಂದೇಟ್ಗೆ ಸಣ್ಣಕ್ಕೆ ಮಾಡಿಟ್ಟು ಕಸ ಗುಡಿಸ್ತೀನಿ. ಪೂರ್ತಿ ಆರ್ಸಾಕಿಲ್ಲ, ಎಷ್ಟಾದ್ರೂ ಅಣ್ಣನ್ ಮಗ ಅಲ್ವ ಅಂತ."

ಕೊನೆಯ ಮಾತಿನಿಂದ ನನಗೆ ನಿಜವಾಗಿಯೂ ನೋವಾಯಿತು. ಗಾಳಿಬೀಡಿನ ಕೋಳಿಗಳಾದರೂ ದನಿ ಸಣ್ಣದು ಮಾಡುತ್ತಿರಲಿಲ್ಲ. ಕರವಸ್ತ್ರ ತೆಗೆಯಲು ಕೈಚಾಚಿದೆ, ಅತ್ತೆ ಕೈಮೇಲೆ ಒಂದು ಏಟು ಹಾಕಿ ಮುಂದುವರಿಸಿದರು. ಗಾಜಿನ ಆಚೆ ಅಧಿಕಾರಿ ಹೆಡ್‌ಫೋನ್ ಹಿಡಿದುಕೊಂಡು ಬಗ್ಗಿ ಬಗ್ಗಿ ನಗುತ್ತಿದ್ದರು. ಮುಖ್ಯಸ್ಥರು ಗೋಡೆಯ ಕಡೆ ತಿರುಗಿ ನಿಂತಿದ್ದರು. ಅಕ್ಕ ಮಾತ್ರ ನಗು ತಡೆದುಕೊಂಡು, ಪಾಪ, ನೆಲ ನೋಡುತ್ತಿದ್ದರು.

ಬೈಗುಳದ ಅಧ್ಯಾಯ ಮುಗಿದ ಮೇಲೆ ಅಧಿಕಾರಿ ಕಣ್ಣೊರೆಸಿಕೊಂಡು ಒಳಗೆ ಬಂದರು. "ಒಂದು ಮಾತೂ ಬಿಡದಂಗೆ ಅರ್ಥ ಆಯ್ತು ಕಣ್ರೀ. ಇದು ಅಚ್ಚ ಕನ್ನಡ. ಇದಕ್ಕೆ ಅನುದಾನ ಕೊಡಕ್ಕಾಗಲ್ಲ," ಎಂದರು. ಆಮೇಲೆ ಮುಖ್ಯಸ್ಥರ ಕಡೆ ತಿರುಗಿ, "ಆದ್ರೆ ಈ ಅಮ್ಮನ್ನ ಬಿಡ್ಬೇಡಿ. ಆರೂವರೆ ಅರೆಭಾಷೆ ಕಾರ್ಯಕ್ರಮಕ್ಕೆ ಅತಿಥಿ ಅಂತ ಕೂರಿಸಿ. ಇಬ್ರೂ ಅವರವರ ಮಾತಲ್ಲೇ ಹರಟಲಿ. ಅತಿಥಿ ಯಾವ ಭಾಷೆ ಆಡಬೇಕು ಅಂತ ನಿಯಮದಲ್ಲಿಲ್ಲ," ಎಂದರು. ಬಾಗಿಲಲ್ಲಿ ನಿಂತಿದ್ದ ಗುಮಾಸ್ತರೂ ಹೌದೆಂದು ತಲೆಯಾಡಿಸಿದರು.

ಅತ್ತೆಗೆ ಆಗ ನನ್ನ ಮೇಲೆ ಕನಿಕರ ಬಂತು. "ಹಂಗಾದ್ರೆ ನಮ್ ಹುಡ್ಗನ್ ಹೊತ್ತು?" ಎಂದು ಕೇಳಿದರು.

"ಅವರಿಗೆ ಮಧ್ಯಾಹ್ನ ಎರಡೂವರೆ ಅಮ್ಮಾ."

"ಅದು ಒಳ್ಳೇ ಹೊತ್ತೇಯ," ಎಂದರು ಅತ್ತೆ ಸಮಾಧಾನದಿಂದ. "ಎಲ್ಲಾ ಮಲಗಿರ್ತಾರೆ, ಯಾರ್ಗೂ ತೊಂದ್ರೆ ಇಲ್ಲ."

ಈಗ ಅತ್ತೆ ನಮ್ಮ ಮನೆಯಲ್ಲೇ ಇದ್ದಾರೆ. ಬೆಳಿಗ್ಗೆ ಅಕ್ಕನ ಜೀಪು ಬಂದು ಕರೆದೊಯ್ಯುತ್ತದೆ. ಎದುರಿಗೆ ಅಕ್ಕ ಕುಳಿತು ಮಾತಿಗೆ ಎಳೆದರೆ ಅತ್ತೆಗೆ ಮೈಕಿನ ನೆನಪೇ ಇರುವುದಿಲ್ಲ. ಆಗ ಪಟ್ಟೆಸೀರೆಯ ಮಾತೂ ಇಲ್ಲ, ಕರವಸ್ತ್ರವೂ ಬೇಕಿಲ್ಲ.

ನಾನು ಅದನ್ನು ಕೇಳಬಾರದು ಎಂದು ತೀರ್ಮಾನ ಮಾಡಿದ್ದೇನೆ. ದಿನಾ ಆರೂವರೆಗೆ ಆ ತೀರ್ಮಾನವನ್ನು ನೆನಪಿಸಿಕೊಂಡೇ ರೇಡಿಯೋ ಹಾಕುತ್ತೇನೆ. ಮೊನ್ನೆಯೂ ಹಾಗೇ. ಹೆಂಡತಿ ಒಲೆಯ ಮೇಲೆ ಹಾಲಿಟ್ಟು, ನೋಡ್ಕೊಳ್ಳಿ ಎಂದು ಹೇಳಿ ಸ್ನಾನಕ್ಕೆ ಹೋಗಿದ್ದಳು. ನಾನು ಹಜಾರದಲ್ಲಿ ರೇಡಿಯೋಕ್ಕೆ ಕಿವಿಕೊಟ್ಟು, ಎಲ್ಲಾದರೂ ಒಂದು ತಪ್ಪು ಸಿಕ್ಕೀತೇ ಎಂದು ಕಾಯುತ್ತಿದ್ದೆ.

ಅಕ್ಕ ರೇಡಿಯೋದಲ್ಲಿ ಕೇಳಿದರು. "ಅತ್ತೆಮ್ಮ, ಈಗ ನಿಮ್ಮ ಅಳಿಯ ಎಂಥ ಮಾಡ್ತಾ ಇರಬಹುದು?"

"ಇನ್ನೇನ್ ಮಾಡ್ತಾನವ್ವ? ಒಲೆ ಮೇಲ್ ಹಾಲಿರ್ತದೆ, ಇವ್ನು ನಮ್ ಮಾತಲ್ಲಿ ತಪ್ಪು ಹುಡುಕ್ತಾ ರೇಡಿಯೋ ಮುಂದೆ ಕುಂತಿರ್ತಾನೆ," ಎಂದರು ಅತ್ತೆ. ಆಮೇಲೆ ಇಡೀ ಜಿಲ್ಲೆಗೆ ಕೇಳುವಂತೆ ಕೂಗಿದರು. "ಲೋ, ಹಾಲು ಉಕ್ತದೆ, ಎದ್ದೇಳೋ."

ನಾನು ಎದ್ದು ಓಡಿದೆ. ಹಾಲು ಉಕ್ಕಿ, ಒಲೆ ಆರಿ, ಕಟ್ಟೆಯಿಂದ ನೆಲಕ್ಕೆ ಹರಿದಿತ್ತು. ಬಟ್ಟೆ ಹಿಡಿದು ಒರೆಸುತ್ತಿದ್ದಾಗ ಅಡುಗೆಮನೆಯ ಕಿಟಕಿಯ ಆಚೆ ಯಾರೋ ನಿಂತಂತಾಯಿತು. ಪಕ್ಕದ ಮನೆಯವರು. ನಾವಿಬ್ಬರೂ ಒಂದೇ ಬೇಲಿಯ ಆಚೀಚೆ ಇದ್ದು ಎಷ್ಟೋ ವರ್ಷವಾಯಿತು, ನನ್ನ ಕಾರ್ಯಕ್ರಮ ಕೇಳಿದೆ ಎಂದು ಅವರು ಒಂದು ದಿನವೂ ಹೇಳಿದ್ದಿಲ್ಲ. ಅಂದು ರೇಡಿಯೋ ಹಾಕಿದ ಫೋನನ್ನು ಕಿವಿಯ ಹತ್ತಿರ ಹಿಡಿದು, ಅದರೊಳಗೆ ಇನ್ನೂ ಅತ್ತೆಯ ದನಿ ಬರುತ್ತಿರುವಾಗಲೇ, ಬೇಲಿಯ ಮೇಲಿಂದ ಕತ್ತು ಚಾಚಿ ಕೇಳಿದರು.

"ಉಕ್ಕೇ ಬಿಡ್ತಾ ಸಾರ್?"